ಭಾವನ ಕೈ ಕೆಟ್ಟಿಲ್ಲ, ಕಾಲು ಸೋತಿದೆ

ಪ್ರಶ್ನೆ: ಸರ್, ನಮ್ಮದು ಡೊಂಬಿವಲಿಯಲ್ಲಿ ಕನ್ನಡದ ಹುಡುಗರೇ ಸೇರಿ ಕಟ್ಟಿದ ಬಾಸ್ಕೆಟ್‌ಬಾಲ್ ತಂಡ. ಮುಂಬೈ, ಠಾಣೆ ಕಡೆಯ ಓಪನ್ ಟೂರ್ನಮೆಂಟ್‌ಗಳಲ್ಲಿ ಆಡುತ್ತೇವೆ. ಮ್ಯಾನೇಜರ್, ಸ್ಕೋರ್ ಬರೆಯುವವನು, ನೀರಿನ ಕ್ಯಾನ್ ಹೊರುವವನು ಎಲ್ಲಾ ನಾನೇ. ತಂಡದ ಸ್ಟಾರ್ ನನ್ನ ಅಕ್ಕನ ಗಂಡ. ಈಗ 38 ವರ್ಷ. ಕಾಲೇಜಿನಲ್ಲಿದ್ದಾಗ ಯೂನಿವರ್ಸಿಟಿ ತಂಡಕ್ಕೆ ಆಡಿದವರು. ಎರಡು ವರ್ಷದ ಹಿಂದಿನ ತನಕ ಪಂದ್ಯಕ್ಕೆ 20 ಪಾಯಿಂಟ್ ಗ್ಯಾರಂಟಿ ಇತ್ತು. ಈಗ 9, 11, 8. ಕಳೆದ ಪಂದ್ಯದಲ್ಲಿ 17 ಶಾಟ್ ಹೊಡೆದು ಬಿದ್ದಿದ್ದು 4. ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಹೊಡೆಯುವ ಫ್ರೀ ಥ್ರೋ ಮಾತ್ರ ಈ ಸೀಸನ್‌ನಲ್ಲಿ 20ಕ್ಕೆ 16. ಉಳಿದ ಹುಡುಗರದೂ ಅದೇ ಕಥೆ, ಇಡೀ ತಂಡದ ಶೂಟಿಂಗ್ 30 ಪರ್ಸೆಂಟ್ ದಾಟುತ್ತಿಲ್ಲ. ಹುಡುಗರಲ್ಲಿ ಎರಡು ಪಾರ್ಟಿ ಆಗಿದೆ, ಇಬ್ಬರೂ ಎತ್ತುವುದು ಅಮೆರಿಕದ ಎನ್‌ಬಿಎ ಲೀಗಿನ ಲೇಕರ್ಸ್ ತಂಡದ ಸ್ಟಾರ್ ಆಗಿದ್ದ ಕೋಬಿ ಬ್ರಯಂಟ್ ಹೆಸರನ್ನೇ. ‘ಕೋಬಿಯ ಕೊನೇ ಸೀಸನ್ ನೋಡಿಲ್ವಾ? ಒಬ್ಬರೇ ಎಲ್ಲಾ ಶಾಟ್ ಹೊಡೆದರೆ ತಂಡ ಮುಳುಗುತ್ತೆ, ಕೂರಿಸಿ’ ಅನ್ನುವವರು ಒಂದು ಕಡೆ. ‘ಅದೇ ಕೋಬಿ ಕೊನೇ ಪಂದ್ಯದಲ್ಲಿ 60 ಹೊಡೆದಿಲ್ವಾ? ಶೂಟರ್ ಆದವನು ಹೊಡೀತಾನೇ ಇರಬೇಕು’ ಅನ್ನುವವರು ಇನ್ನೊಂದು ಕಡೆ. ಭಾವ ತುಟಿ ಬಿಚ್ಚಲ್ಲ. ಪಂದ್ಯಕ್ಕೆ ಮುಂಚೆ ನೋವಿನ ಮಾತ್ರೆ ನುಂಗ್ತಾರೆ, ಬೆಳಿಗ್ಗೆ ಹಿಮ್ಮಡಿ ಹಿಡ್ಕೊಂಡಿರುತ್ತೆ ಅಂತ ಅಕ್ಕ ಹೇಳಿದಳು. ಅವರ ಕೈ ಹೋಯ್ತಾ? ಕೂರಿಸೋದಾ, ಆಡಿಸೋದಾ? ಮಂಡಿಗೆ ಹಾಕುವ ನೀ ಕ್ಯಾಪ್‌ನಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ಮೊದಲು ಹಿಮ್ಮಡಿ. ಶಾಟ್, ತಂಡ, ಹುಡುಗರ ಪಾರ್ಟಿ ಎಲ್ಲಾ ಆಮೇಲೆ.

ಬೆಳಿಗ್ಗೆ ಎದ್ದಾಗ ಹಿಮ್ಮಡಿಯ ಹಿಂಭಾಗ ಬಿಗಿದುಕೊಂಡಿರುವುದು, ನಾಲ್ಕು ಹೆಜ್ಜೆ ನಡೆದ ಮೇಲೆ ಸ್ವಲ್ಪ ಸಡಿಲವಾಗುವುದು ಅಕಿಲಿಸ್ ಟೆಂಡನ್ ತೊಂದರೆಯಲ್ಲಿದೆ ಅನ್ನುವುದರ ಸಾಮಾನ್ಯ ಲಕ್ಷಣ. ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಜೋಡಿಸುವ ದಪ್ಪ ನಾರು ಅದು. ನೋವು ಹಿಂಭಾಗದಲ್ಲಿ ಅಲ್ಲದೆ ಅಂಗಾಲಿನ ಕಡೆಗಿದ್ದರೆ ಅದು ಬೇರೆ ತೊಂದರೆ, ಅಷ್ಟು ಭಯ ಬೇಡ. ಎಲ್ಲಿ ನೋವು ಅಂತ ಬೆರಳಿಟ್ಟು ತೋರಿಸಲು ಭಾವನಿಗೇ ಹೇಳಿ. ಈ ನಾರು ಹರಿದುಕೊಳ್ಳುವವರಲ್ಲಿ ಮೂವತ್ತು-ನಲವತ್ತರ ಗಂಡಸರೇ ಜಾಸ್ತಿ. ವಾರವೆಲ್ಲಾ ಕುರ್ಚಿಯಲ್ಲಿ ಕೂತು ಭಾನುವಾರ ಹಾರುವವರು.

ನಿಮ್ಮ ಹುಡುಗರು ಕೋಬಿ ಬ್ರಯಂಟ್ ಹೆಸರು ಎತ್ತಿದ್ದಾರಲ್ಲ, ಅವರ ಕಥೆ ತಿರುಗಿದ್ದೂ ಇಲ್ಲೇ. 2013ರ ಏಪ್ರಿಲ್ 10ರಂದು ಪೋರ್ಟ್‌ಲ್ಯಾಂಡ್ ವಿರುದ್ಧ ಪೂರ್ತಿ 48 ನಿಮಿಷ ಆಡಿ 47 ಪಾಯಿಂಟ್ ಹೊಡೆದರು. ಆಗ ಅವರಿಗೆ 34 ವರ್ಷ. ಎರಡು ದಿನ ಬಿಟ್ಟು ಗೋಲ್ಡನ್ ಸ್ಟೇಟ್ ವಿರುದ್ಧದ ಪಂದ್ಯದಲ್ಲಿ ಅಕಿಲಿಸ್ ಹರಿಯಿತು. ಆ ಕಾಲಲ್ಲೇ ನಿಂತು ಎರಡು ಫ್ರೀ ಥ್ರೋ ಹಾಕಿ ಹೊರಗೆ ನಡೆದರು. ಆ ವಿಡಿಯೋ ನೋಡಿ ಎಲ್ಲರೂ ಧೈರ್ಯದ ಮಾತಾಡುತ್ತಾರೆ. ನನಗೆ ಕಾಣುವುದು ಅದಕ್ಕೂ ಹಿಂದಿನ ವಾರಗಳ ನಿಮಿಷಗಳ ಲೆಕ್ಕ. ವಾಪಸ್ ಬಂದು ಆರೇ ಪಂದ್ಯ ಆಡುವಷ್ಟರಲ್ಲಿ ಮಂಡಿಯ ಮೂಳೆ ಬಿರುಕು ಬಿಟ್ಟಿತು. 2015ರ ಜನವರಿಯಲ್ಲಿ ಬಲ ಭುಜ ಹೋಯಿತು. ಆಮೇಲೆ ಅವರು ಹಳೇ ಕೋಬಿ ಆಗಲೇ ಇಲ್ಲ.

ಆದ್ದರಿಂದ ಮಾತ್ರೆ ನುಂಗಿ ಆಡುವುದು ಇವತ್ತೇ ನಿಲ್ಲಬೇಕು. ಮಾತ್ರೆ ನೋವನ್ನು ಮುಚ್ಚುತ್ತದೆ, ನಾರನ್ನು ಗಟ್ಟಿ ಮಾಡುವುದಿಲ್ಲ. ಮುಂಬೈನ ಸೆಕೆಯಲ್ಲಿ ಬೆವರಿ ಮೈಯ ನೀರೆಲ್ಲಾ ಹೋಗಿರುವಾಗ ಆ ಮಾತ್ರೆ ಕಿಡ್ನಿಗೂ ಭಾರ. ಇತ್ತೀಚೆಗೆ ಸಿಪ್ರೋಫ್ಲಾಕ್ಸಾಸಿನ್, ಲೆವೋಫ್ಲಾಕ್ಸಾಸಿನ್ ಥರದ ಆ್ಯಂಟಿಬಯಾಟಿಕ್ ತಗೊಂಡಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಅವು ಈ ನಾರನ್ನು ದುರ್ಬಲ ಮಾಡುವುದುಂಟು. ಯಾರಾದರೂ ಹಿಮ್ಮಡಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ ಅಂದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳದೆ ಒಪ್ಪಬೇಡಿ. ಆಡುವಾಗ ಹಿಂದಿನಿಂದ ಯಾರೋ ಒದ್ದ ಹಾಗಾಗಿ ತಿರುಗಿ ನೋಡಿದರೆ ಯಾರೂ ಇಲ್ಲ, ಆಮೇಲೆ ತುದಿಗಾಲಲ್ಲಿ ನಿಲ್ಲಲು ಆಗುತ್ತಿಲ್ಲ ಅಂದರೆ ಅವತ್ತೇ ಮೂಳೆ ಡಾಕ್ಟರ ಹತ್ತಿರ ಹೋಗಬೇಕು. ಹೇಗೂ ಹೋಗುತ್ತಾರಲ್ಲ, ಬಿಪಿ, ಶುಗರ್, ಇಸಿಜಿ ಕೂಡ ಮಾಡಿಸಿ. ನಮ್ಮ ಜನಕ್ಕೆ ಹೃದಯದ ಕಾಯಿಲೆ ಬೇಗ ಬರುತ್ತದೆ, 38 ಅದಕ್ಕೆ ಚಿಕ್ಕ ವಯಸ್ಸಲ್ಲ.

ಇನ್ನು ಆಟಕ್ಕೆ ಬರೋಣ.

ನೀವು ಎರಡು ಚಿಂತೆ ಬರೆದಿದ್ದೀರಿ. ಭಾವನ ಶಾಟ್ ಬೀಳುತ್ತಿಲ್ಲ, ಹುಡುಗರ ಶಾಟೂ ಬೀಳುತ್ತಿಲ್ಲ. ನನ್ನ ಪ್ರಕಾರ ಇವು ಎರಡಲ್ಲ, ಒಂದೇ. ಭಾವ ಕೆಟ್ಟ ಶಾಟ್ ಹೊಡೆಯುತ್ತಿರುವುದು ಹುಡುಗರು ನಿಂತಲ್ಲೇ ನಿಂತಿರುವುದರಿಂದ. ಹುಡುಗರು ನಿಂತಿರುವುದು ಭಾವ ಏನೋ ಮಾಡುತ್ತಾರೆ ಅಂತ ನೋಡುತ್ತಿರುವುದರಿಂದ. ಇದರಲ್ಲಿ ಒಬ್ಬರನ್ನು ಹಿಡಿದು ತಪ್ಪಿತಸ್ಥ ಅಂತ ನಿಲ್ಲಿಸಿದರೆ ಏನೂ ಸರಿಹೋಗಲ್ಲ.

ಕೈ ಹೋಯ್ತಾ ಅಂತ ಕೇಳಿದ್ದೀರಿ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. 20ಕ್ಕೆ 16 ಫ್ರೀ ಥ್ರೋ ಹಾಕುವವರ ಕೈ ಎಲ್ಲಿ ಹೋಗಿದೆ? ಫ್ರೀ ಥ್ರೋ ಗೆರೆಯಲ್ಲಿ ಎದುರಿಗೆ ಯಾರೂ ಇರಲ್ಲ, ಪಾದ ನೆಲದಲ್ಲಿರುತ್ತದೆ, ಉಸಿರು ಎಳೆದುಕೊಳ್ಳಲು ಟೈಮ್ ಇರುತ್ತದೆ. ಅಲ್ಲಿ ಬೀಳುತ್ತಿದೆ ಅಂದರೆ ಕಣ್ಣು, ಮಣಿಕಟ್ಟು, ಬೆರಳಿನ ಹದ ಎಲ್ಲಾ ಸರಿ ಇದೆ. ಕೋಬಿಯದೂ ಹೀಗೇ ಇತ್ತು. 2015-16ರ ಆ ಕೊನೇ ಸೀಸನ್‌ನಲ್ಲಿ ಆಟದ ನಡುವೆ ಹೊಡೆಯುವ ಫೀಲ್ಡ್ ಶಾಟ್ 35.8 ಪರ್ಸೆಂಟ್, ಅದರಲ್ಲಿ ದೂರದಿಂದ ಹೊಡೆಯುವ ಮೂರು ಪಾಯಿಂಟ್‌ನ ಶಾಟ್ 28.5. ಆದರೆ ಫ್ರೀ ಥ್ರೋ 82.6. ಇಡೀ ವೃತ್ತಿಜೀವನದ ಸರಾಸರಿ 83.7 ಅಂದರೆ ಅಲ್ಲಿ ಹೆಚ್ಚುಕಡಿಮೆ ಏನೂ ಬದಲಾಗಿಲ್ಲ. ಫೀಲ್ಡ್ ಶಾಟ್ ಮಾತ್ರ ವೃತ್ತಿಜೀವನದ ಸರಾಸರಿ 44.7ರಿಂದ ಇಷ್ಟು ಕೆಳಗೆ ಇಳಿದಿತ್ತು.

ಹಾಗಾದರೆ ಹೋಗಿದ್ದು ಏನು? ಅರ್ಧ ಹೆಜ್ಜೆ, ನಾಲ್ಕು ಬೆರಳು ಎತ್ತರ. ಅಷ್ಟೇ. ಮೂವತ್ತು ದಾಟಿದ ಮೇಲೆ ಸ್ನಾಯುವಿನಲ್ಲಿ ಚುರುಕಾಗಿ ಸಿಡಿಯುವ ಎಳೆಗಳು ಮೊದಲು ಸೊರಗುತ್ತವೆ, ನಿಧಾನವಾಗಿ ಎಳೆಯುವವು ಉಳಿಯುತ್ತವೆ. ಅದಕ್ಕೇ 38ರ ಮನುಷ್ಯ ಆರಾಮಾಗಿ ಐದು ಕಿಲೋಮೀಟರ್ ಓಡುತ್ತಾರೆ, ಆದರೆ ಒಂದೇ ಡ್ರಿಬಲ್‌ನಲ್ಲಿ, ಅಂದರೆ ಚೆಂಡನ್ನು ಒಮ್ಮೆ ನೆಲಕ್ಕೆ ಪುಟಿಸುವಷ್ಟರಲ್ಲಿ, 22ರ ಹುಡುಗನನ್ನು ದಾಟಲು ಆಗಲ್ಲ. ಮೊದಲು ಆ ಅರ್ಧ ಹೆಜ್ಜೆಯಲ್ಲಿ ಸಿಗುತ್ತಿದ್ದ ಖಾಲಿ ಜಾಗ ಈಗ ಸಿಗುತ್ತಿಲ್ಲ. ಶಾಟ್ ಹಳೇದೇ, ಎದುರಿಗೆ ಮಾತ್ರ ಒಂದು ಕೈ ಬಂದು ನಿಂತಿದೆ.

ಇನ್ನೊಂದು ವಿಷಯ ಕಣ್ಣಿಗೆ ಕಾಣಲ್ಲ. ಜಂಪ್ ಶಾಟ್‌ನ ಬಲ ಕೈಯಿಂದ ಬರುವುದಲ್ಲ. ಪಾದದಿಂದ ಹೊರಟು ಮೊಣಕಾಲು, ಸೊಂಟ, ಭುಜ ಹಾದು ಕೊನೆಗೆ ಬೆರಳಿಗೆ ಬರುತ್ತದೆ. ಕಾಲು ಸೋತರೆ ಕೈ ಆ ಕೆಲಸವನ್ನೂ ಹೊರಬೇಕು. ಆಗ ಶೂಟರ್ ಗೊತ್ತಿಲ್ಲದೇ ಚೆಂಡನ್ನು ಮುಂದಕ್ಕೆ ತಳ್ಳುತ್ತಾರೆ, ಚೆಂಡು ಹೋಗುವ ಕಮಾನು ಚಪ್ಪಟೆಯಾಗುತ್ತದೆ. ರಿಮ್, ಅಂದರೆ ಬಾಸ್ಕೆಟ್‌ನ ಬಳೆಯ ಅಗಲ 45 ಸೆಂಟಿಮೀಟರ್, ಚೆಂಡಿನದು ಸುಮಾರು 24. ಚೆಂಡು ನೇರ ಮೇಲಿನಿಂದ ಬಿದ್ದರೆ ಪೂರ್ತಿ 45 ಸೆಂಟಿಮೀಟರ್ ಬಾಗಿಲು ತೆರೆದಿರುತ್ತದೆ. 45 ಡಿಗ್ರಿ ಓರೆಯಲ್ಲಿ ಬಂದರೆ ಅದಕ್ಕೆ ಸಿಗುವುದು ಸುಮಾರು 32 ಸೆಂಟಿಮೀಟರ್. 30 ಡಿಗ್ರಿಗೆ ಇಳಿದರೆ 22.5, ಅಂದರೆ ಚೆಂಡಿಗಿಂತಲೂ ಕಡಿಮೆ. ರಿಮ್‌ಗೆ ತಾಗದೆ ಒಳಗೆ ಹೋಗಲು ಸಾಧ್ಯವೇ ಇಲ್ಲ. ಗುರಿ ತಪ್ಪಿಲ್ಲ, ಬಾಗಿಲೇ ಕಿರಿದಾಗಿದೆ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಭಾವ ತಪ್ಪಿಸಿದ ಚೆಂಡು ಎಲ್ಲಿ ತಾಗುತ್ತದೆ ಅಂತ ನೋಡಿ. ರಿಮ್‌ನ ಮುಂಭಾಗಕ್ಕೆ ತಾಗಿ ವಾಪಸ್ ಅವರ ಕಡೆಗೇ ಬರುತ್ತಿದ್ದರೆ ಕಾಲಿನ ತೊಂದರೆ. ಎಡಕ್ಕೋ ಬಲಕ್ಕೋ ಹೋಗುತ್ತಿದ್ದರೆ ಮೊಣಕೈ, ಭುಜ ಅಥವಾ ಕಣ್ಣು ನೋಡಬೇಕು. ಮೂರನೇ, ನಾಲ್ಕನೇ ಕ್ವಾರ್ಟರ್‌ನಲ್ಲಿ ಮುಂಭಾಗಕ್ಕೆ ತಾಗುವುದು ಜಾಸ್ತಿ ಆಗುತ್ತಿದೆಯಾ ಅಂತಲೂ ಗಮನಿಸಿ. ಜಾಸ್ತಿ ಆಗುತ್ತಿರುತ್ತದೆ ಅಂತ ನನ್ನ ಊಹೆ.

ಡೊಂಬಿವಲಿಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಸಂಜೆ ಮುಂಬೈನ ನಾಗಪಾಡಾದಲ್ಲಿ ಪಂದ್ಯ ಇದ್ದರೆ ನೀವು ಬೈಕುಲಾ ತನಕ ಲೋಕಲ್ ರೈಲಿನಲ್ಲಿ ನಿಂತೇ ಬರುತ್ತೀರಿ ತಾನೇ? ಭಾವ ಆಫೀಸಿನಿಂದ ಬೇರೆ ಬರುತ್ತಾರೆ. ಗಂಟೆಗಟ್ಟಲೆ ನಿಂತ ಕಾಲಿನಲ್ಲಿ ಇಳಿದು, ಶೂ ಕಟ್ಟಿಕೊಂಡು, ನಾಲ್ಕು ಲೇ-ಅಪ್ (ಬಾಸ್ಕೆಟ್ ಹತ್ತಿರ ಓಡಿ ಬಂದು ಹಾಕುವ ಶಾಟ್) ಹೊಡೆದು ಸಿಮೆಂಟ್ ಕೋರ್ಟಿಗೆ ಇಳಿದರೆ 22ರ ಹುಡುಗನ ಕಾಲು ಸಹಿಸುತ್ತದೆ, 38ರದ್ದು ಸಹಿಸಲ್ಲ. ಮಾಟುಂಗಾದಲ್ಲಿ ಕೋಚಿಂಗ್ ಮಾಡುವಾಗ ದೂರದಿಂದ ಬರುವ ಹಿರಿಯ ಆಟಗಾರರಿಗೆ ನಾನು ಹೇಳುತ್ತಿದ್ದದ್ದು ಒಂದೇ: ಪಂದ್ಯಕ್ಕೆ ಮುಕ್ಕಾಲು ಗಂಟೆ ಮುಂಚೆ ಬನ್ನಿ, ಮೊದಲ ಹದಿನೈದು ನಿಮಿಷ ಚೆಂಡು ಮುಟ್ಟಬೇಡಿ. ನಡೆದಾಡಿ, ಮೀನಖಂಡ ಬೆಚ್ಚಗಾಗಲಿ, ಆಮೇಲೆ ಹತ್ತಿರದಿಂದ ಶಾಟ್ ಶುರು ಮಾಡಿ. ಮಾತ್ರೆ ಮಾಡದ ಕೆಲಸವನ್ನು ಈ ಹದಿನೈದು ನಿಮಿಷ ಮಾಡುತ್ತದೆ.

ಈಗ ನಿಮ್ಮ ಹುಡುಗರ ಎರಡು ಪಾರ್ಟಿ.

‘ಒಬ್ಬರೇ ಹೊಡೆದು ತಂಡ ಮುಳುಗಿಸುತ್ತಾರೆ’ ಅನ್ನುವವರಿಗೆ ಆ ಸೀಸನ್‌ನ ಲೆಕ್ಕ ತೋರಿಸಿ. ಕೋಬಿಯ ಲೇಕರ್ಸ್ ಆ ವರ್ಷ 82ರಲ್ಲಿ 17 ಪಂದ್ಯ ಗೆದ್ದರು. ಅವರ ಇಡೀ ಇತಿಹಾಸದಲ್ಲೇ ಅತಿ ಕೆಟ್ಟ ಸೀಸನ್ ಅದು. ತಂಡದ ಶೂಟಿಂಗ್ 41.4 ಪರ್ಸೆಂಟ್, ಲೀಗಿನ 30 ತಂಡಗಳಲ್ಲಿ ಕೊನೇದು. ಮೂರು ಪಾಯಿಂಟ್‌ನ ಶಾಟ್‌ನಲ್ಲೂ ಕೊನೇದೇ. ಆದರೆ ಕೋಬಿಯ ಶಾಟ್‌ಗಳನ್ನೆಲ್ಲಾ ತೆಗೆದುಹಾಕಿ ಉಳಿದವರದ್ದು ಮಾತ್ರ ಲೆಕ್ಕ ಹಾಕಿದರೂ ಅದು 42.5ರ ಆಸುಪಾಸು ನಿಲ್ಲುತ್ತದೆ. ಲೀಗಿನ ಸರಾಸರಿ ಆಗ 45. ಅಂದರೆ ಮುದುಕನಾದ ಸ್ಟಾರ್ ಒಬ್ಬನಿಂದ ತಂಡ ಮುಳುಗಲಿಲ್ಲ. ಸುತ್ತ ಇದ್ದವರು ಡಿ’ಆ್ಯಂಜೆಲೊ ರಸೆಲ್, ಜೂಲಿಯಸ್ ರ‍್ಯಾಂಡಲ್ ಥರದ ಇನ್ನೂ ಪಳಗದ ಹುಡುಗರು. ಅವರಿಗೂ ಒಳ್ಳೇ ಶಾಟ್ ಸಿಗುತ್ತಿರಲಿಲ್ಲ.

‘ಶೂಟರ್ ಹೊಡೀತಾನೇ ಇರಬೇಕು’ ಅನ್ನುವವರಿಗೂ ಲೆಕ್ಕ ಇದೆ. 2016ರ ಏಪ್ರಿಲ್ 13ರಂದು ಯೂಟಾ ವಿರುದ್ಧ ಕೋಬಿ 60 ಹೊಡೆದದ್ದು ನಿಜ. ಅದಕ್ಕೆ ಬೇಕಾದದ್ದು 50 ಶಾಟ್, ಅದರಲ್ಲಿ ಬಿದ್ದದ್ದು 22. ಮೂರು ಪಾಯಿಂಟ್‌ನದು 21ಕ್ಕೆ 6. ಅದು ಬೀಳ್ಕೊಡುಗೆ ಪಂದ್ಯ, ಇಡೀ ತಂಡ ಚೆಂಡು ತಂದು ಅವರ ಕೈಗೆ ಕೊಡುತ್ತಿತ್ತು. ಅದೇ ಸೀಸನ್‌ನ ನವೆಂಬರ್ 24ರಂದು ಗೋಲ್ಡನ್ ಸ್ಟೇಟ್ ವಿರುದ್ಧ ಅದೇ ಕೋಬಿ 14ಕ್ಕೆ 1 ಹಾಕಿದ್ದರು. ಆ ವಿಡಿಯೋ ಯಾರೂ ಫಾರ್ವರ್ಡ್ ಮಾಡಲ್ಲ, ಅಲ್ವಾ?

ಕೋಬಿಗಿಂತ ನಿಮ್ಮ ಭಾವನಿಗೆ ಹತ್ತಿರದ ಉದಾಹರಣೆ ಅದೇ ಲೇಕರ್ಸ್‌ಗೆ ಹಿಂದೆ ಆಡಿದ್ದ ಕರೀಂ ಅಬ್ದುಲ್ ಜಬ್ಬಾರ್. 1985ರ ಫೈನಲ್ಸ್‌ನ ಮೊದಲ ಪಂದ್ಯದಲ್ಲಿ ಬಾಸ್ಟನ್ 148-114ರಿಂದ ಲೇಕರ್ಸ್‌ಗೆ ಬಡಿದಿತ್ತು. 38 ವರ್ಷದ ಕರೀಂ 12 ಪಾಯಿಂಟ್, 3 ರಿಬೌಂಡ್ (ಬೀಳದೆ ಪುಟಿದ ಚೆಂಡನ್ನು ಹಿಡಿಯುವುದು). ಮುಗೀತು ಅಂದರು ಎಲ್ಲರೂ. ಮುಂದಿನ ಪಂದ್ಯದಲ್ಲಿ 30 ಪಾಯಿಂಟ್, 17 ರಿಬೌಂಡ್. ಲೇಕರ್ಸ್ ಕಪ್ ಗೆದ್ದಿತು, ಫೈನಲ್ಸ್‌ನ ಶ್ರೇಷ್ಠ ಆಟಗಾರ ಅದೇ ಕರೀಂ. ಅವರ ಸ್ಕೈ ಹುಕ್ ಶಾಟ್‌ಗೆ ವೇಗ ಬೇಕಿರಲಿಲ್ಲ. ಬೋರ್ಡಿನ ಹತ್ತಿರ ತಮ್ಮ ಜಾಗದಲ್ಲಿ ನಿಂತು, ಮೈ ಅಡ್ಡ ಇಟ್ಟು, ಒಂದು ಕೈಯಲ್ಲಿ ಎತ್ತರದಿಂದ ಬಿಡುತ್ತಿದ್ದರು. ಅರ್ಧ ಹೆಜ್ಜೆ ಕಡಿಮೆಯಾದರೂ ನಡೆಯುವ ಶಾಟ್ ಅದು. ನಿಮ್ಮ ಭಾವ ಏಳಡಿ ಇಲ್ಲ, ಗೊತ್ತು. ಆದರೆ ಅವರಿಗೂ ಅಂಥ ಒಂದು ಜಾಗ ಬೇಕು. ಎಲ್ಲಿ ಅಂತ ಆಮೇಲೆ ಹೇಳುತ್ತೇನೆ.

ಅದಕ್ಕೆ ಮುಂಚೆ ಹುಡುಗರ 30 ಪರ್ಸೆಂಟ್. ಇಲ್ಲಿ ಸ್ವಲ್ಪ ಖಾರವಾಗಿ ಹೇಳುತ್ತೇನೆ. ಹುಡುಗರೆಲ್ಲಾ ಈಗ ದೂರದ ಶಾಟ್‌ಗೆ ಹೆಸರಾದ ಸ್ಟೆಫ್ ಕರಿ ನೋಡಿಕೊಂಡು ಬೆಳೆದವರು, ಪ್ರಾಕ್ಟೀಸ್‌ಗೆ ಬಂದ ತಕ್ಷಣ ತ್ರೀ, ಅಂದರೆ ಮೂರು ಪಾಯಿಂಟ್‌ನ ಶಾಟ್ ಹೊಡೆಯುತ್ತಾ ನಿಲ್ಲುತ್ತಾರೆ. ಆದರೆ ಮುಂಬೈನ ಲೋಕಲ್ ಟೂರ್ನಮೆಂಟ್‌ಗಳಲ್ಲಿ 30 ಪರ್ಸೆಂಟ್ ತಂಡಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಸೋಲುವುದು ಹೊರಗಿನ ಶಾಟ್‌ನಿಂದ ಅಲ್ಲ, ಬೋರ್ಡಿನ ಕೆಳಗೆ ಬಿಟ್ಟ ಲೇ-ಅಪ್‌ನಿಂದ. ಎಡಗೈಯಲ್ಲಿ ಬರಲ್ಲ, ಮೈಗೆ ಮೈ ತಾಗಿದರೆ ಬೀಳಲ್ಲ, ವೇಗವಾಗಿ ಓಡಿ ಬಂದು ಬೋರ್ಡಿಗೆ ಜೋರಾಗಿ ಬಡಿಯುತ್ತಾರೆ. ಪ್ರಾಕ್ಟೀಸ್‌ನಲ್ಲಿ ಒಬ್ಬ ಹುಡುಗನ ಕೈಗೆ ದಿಂಬೋ ಹಳೇ ಬ್ಯಾಗೋ ಕೊಟ್ಟು ಬೋರ್ಡಿನ ಕೆಳಗೆ ನಿಲ್ಲಿಸಿ. ಲೇ-ಅಪ್‌ಗೆ ಬರುವವರ ಪಕ್ಕೆಗೆ ಅವನು ತಳ್ಳಲಿ. ಎರಡೂ ಕೈಯಲ್ಲಿ ಹಾಕಲಿ. ನಗುತ್ತಾರೆ, ಪರವಾಗಿಲ್ಲ.

ಎರಡನೇ ಕಾರಣ ಪಾಸ್. ಹುಡುಗನಿಗೆ ಚೆಂಡು ಮೊಣಕಾಲಿನ ಹತ್ತಿರ ಬಂದರೆ ಅದನ್ನು ಬಗ್ಗಿ ಹಿಡಿದು ಮೇಲೆತ್ತುವಷ್ಟರಲ್ಲಿ ತಡೆಯುವ ಡಿಫೆಂಡರ್ ಬಂದಾಗಿರುತ್ತದೆ. ಪಾಸ್ ಎದೆ ಎತ್ತರಕ್ಕೆ, ಶೂಟ್ ಮಾಡುವ ಕೈಯ ಕಡೆಗೆ ಬರಬೇಕು. ಶಾಟ್ ಬೀಳದಿದ್ದಾಗ ಎಲ್ಲರೂ ಶೂಟರನ್ನು ನೋಡುತ್ತಾರೆ, ನಾನು ಪಾಸ್ ಕೊಟ್ಟವನನ್ನು ನೋಡುತ್ತೇನೆ. ಮೂರನೇದು ಜಾಗ. ಭಾವ ಚೆಂಡು ಹಿಡಿದಾಗ ಉಳಿದ ನಾಲ್ವರು ಎಲ್ಲಿರುತ್ತಾರೆ? ಲೋಕಲ್‌ನ ಬಾಗಿಲಲ್ಲಿ ಗುಂಪು ಕಟ್ಟಿ ಒಳಗೆ ಹೋಗುವವರಿಗೂ ದಾರಿ ಬಿಡದೆ ನಿಲ್ಲುತ್ತಾರಲ್ಲ, ಹಾಗೆ ಬಾಸ್ಕೆಟ್ ಮುಂದಿನ ಪೇಂಟ್ ಏರಿಯಾದ ಸುತ್ತ ನಿಂತಿರುತ್ತಾರೆ. ಒಬ್ಬ ಡಿಫೆಂಡರ್ ಇಬ್ಬರನ್ನು ನೋಡಿಕೊಳ್ಳಬಹುದು. ಅವರು ನಾಲ್ಕು ಮೂಲೆಗೆ ಹರಡಿಕೊಂಡರೆ ಭಾವನ ಮೇಲೆ ಬೀಳುವ ಎರಡನೇ ಕೈ ತಾನಾಗಿಯೇ ಕಡಿಮೆಯಾಗುತ್ತದೆ. ನಾಗಪಾಡಾದಲ್ಲಿ ಭಾರತಕ್ಕೆ ಆಡಿದ ಅಬ್ಬಾಸ್ ಮುಂತಾಸಿರ್ ಥರದವರು ಆಡಿ ಬೆಳೆದ ಕಾಲದಿಂದಲೂ ಅಲ್ಲಿನ ಹುಡುಗರು ಇಕ್ಕಟ್ಟಿನಲ್ಲಿ ನುಗ್ಗುವುದರಲ್ಲಿ ಎತ್ತಿದ ಕೈ. ಅಲ್ಲಿ ಗುಂಪುಗೂಡಿ ಆಡಿದರೆ ನೀವು ಅವರ ಇಷ್ಟದ ಆಟವನ್ನೇ ಆಡಿದ ಹಾಗೆ.

ನೀವು ಸ್ಕೋರ್ ಬರೆಯುವವರು ಅಂದಿರಿ. ಒಳ್ಳೇದಾಯಿತು. ಮುಂದಿನ ಕೆಲವು ಪಂದ್ಯ ಪುಸ್ತಕದಲ್ಲಿ ಬಿತ್ತು, ಬೀಳಲಿಲ್ಲ ಅಂತಷ್ಟೇ ಬರೆಯಬೇಡಿ. ಪುಟದ ಮೇಲೆ ಅರ್ಧ ಕೋರ್ಟ್ ಗೀಚಿ. ಶಾಟ್ ಹೊಡೆದ ಜಾಗದಲ್ಲಿ ಬಿದ್ದರೆ ದುಂಡು ಗುರುತು, ಬೀಳದಿದ್ದರೆ ಗುಣಾಕಾರದ ಗುರುತು. ಪಕ್ಕದಲ್ಲಿ ಆಟಗಾರನ ನಂಬರ್ ಮತ್ತು ಇನ್ನೊಂದು ಅಂಕಿ: ಶಾಟ್‌ಗೆ ಮುಂಚೆ ಎಷ್ಟು ಡ್ರಿಬಲ್. ಪಾಸ್ ಹಿಡಿದು ನೇರ ಹೊಡೆದರೆ 0. ಎದುರಿಗೆ ಕೈ ಇದ್ದರೆ ಒಂದು ಸಣ್ಣ ಗೆರೆ ಎಳೆಯಿರಿ. ಅಷ್ಟು ಸಾಕು. ಭಾವನ ಹೆಸರಿನ ಮುಂದೆ 3, 4, 5 ಡ್ರಿಬಲ್‌ನ ಗುಣಾಕಾರಗಳೇ ತುಂಬಿರುತ್ತವೆ, 0 ಡ್ರಿಬಲ್‌ನ ಜೊತೆ ದುಂಡು ಗುರುತುಗಳು ಕಾಣುತ್ತವೆ ಅಂತ ನನ್ನ ಅಂದಾಜು. ಮೂರು ಪಾಯಿಂಟ್‌ನ ಶಾಟ್ ಬಿದ್ದರೆ ಅದನ್ನು ಒಂದೂವರೆ ಬಿದ್ದ ಹಾಗೆ ಎಣಿಸಿ. 10 ಉದ್ದದ ಎರಡು ಪಾಯಿಂಟ್ ಶಾಟ್‌ನಲ್ಲಿ 4 ಹಾಕಿದರೆ 8 ಪಾಯಿಂಟ್, 10 ತ್ರೀಯಲ್ಲಿ ಬರೀ 3 ಹಾಕಿದರೂ 9. ಈ ಲೆಕ್ಕ ಇಲ್ಲದೆ ಬರೀ ಪರ್ಸೆಂಟ್ ನೋಡಿ ಯಾರನ್ನೂ ಬೈಯುವ ಹಾಗಿಲ್ಲ.

ಸರಿ, ಏನು ಮಾಡುವುದು?

ಪೂರ್ತಿ ಕೂರಿಸಬಹುದು. ಹುಡುಗರ ಕೋಪ ತಣ್ಣಗಾಗುತ್ತದೆ. ಆದರೆ ಎದುರಾಳಿಗಳು ಇವತ್ತಿಗೂ ಭಾವನ ಹಳೇ ಹೆಸರಿಗೆ ಹೆದರಿ ಒಬ್ಬರನ್ನು ಜಾಸ್ತಿ ಹಾಕುತ್ತಾರೆ. ಅವರು ಹೊರಗೆ ಕೂತರೆ ಆ ಇಬ್ಬರೂ ನಿಮ್ಮ ಹುಡುಗರ ಮೇಲೆ ಬೀಳುತ್ತಾರೆ. 30 ಪರ್ಸೆಂಟ್ ಇನ್ನೂ ಇಳಿಯುವ ಸಾಧ್ಯತೆಯೇ ಜಾಸ್ತಿ. ಹಿಮ್ಮಡಿ ನೋಡಿದ ಡಾಕ್ಟರೇ ಆಡಬೇಡಿ ಅಂದರೆ ಮಾತ್ರ ಇದೇ ದಾರಿ, ಆಗ ಚರ್ಚೆಯೇ ಬೇಡ.

ಈಗಿರುವ ಹಾಗೇ ಬಿಡಬಹುದು. ಯಾವತ್ತೋ ಒಂದು ದಿನ 25 ಹೊಡೆಯುತ್ತಾರೆ. 2001ರ ಡಿಸೆಂಬರ್‌ನಲ್ಲಿ ವಿಜರ್ಡ್ಸ್ ತಂಡಕ್ಕೆ ಆಡುತ್ತಿದ್ದ 38ರ ಮೈಕೆಲ್ ಜೋರ್ಡನ್ ಒಂದು ಪಂದ್ಯದಲ್ಲಿ ಬರೀ 6 ಪಾಯಿಂಟ್ ಹೊಡೆದರು, ಎರಡೇ ದಿನಕ್ಕೆ 51. ಆ 51 ಎಲ್ಲರಿಗೂ ನೆನಪಿದೆ. ಆ ಸೀಸನ್‌ನಲ್ಲಿ ಅವರ ಶೂಟಿಂಗ್ 41.6 ಪರ್ಸೆಂಟ್ ಇತ್ತು, ಮಂಡಿ ಕೈಕೊಟ್ಟು ಆಡಿದ್ದು 60 ಪಂದ್ಯ ಮಾತ್ರ ಅನ್ನುವುದು ನೆನಪಿಲ್ಲ. ಆ ಒಂದು ದಿನಕ್ಕಾಗಿ ಕಾಯುವುದರಲ್ಲಿ ಹಿಮ್ಮಡಿ ಹೋಗಬಹುದು.

ಶೂಟಿಂಗ್ ಸ್ಟೈಲ್ ಬದಲಾಯಿಸಿ ಅಂತ ಯೂಟ್ಯೂಬ್ ನೋಡಿದ ಯಾರಾದರೂ ಹೇಳುತ್ತಾರೆ. 38ರಲ್ಲಿ ಬೇಡವೇ ಬೇಡ. ಇಪ್ಪತ್ತು ವರ್ಷದ ಅಭ್ಯಾಸ ಅಳಿಸುವಷ್ಟರಲ್ಲಿ ಇರುವ ಫ್ರೀ ಥ್ರೋ ಕೂಡ ಹೋಗುತ್ತದೆ.

ನಾನು ಹಿಡಿಯುವ ದಾರಿ ಪಾತ್ರ ಬದಲಾಯಿಸುವುದು. ಭಾವನ ಅತ್ಯುತ್ತಮ ಪರ್ಸೆಂಟ್ ಎಲ್ಲಿದೆ? ಫ್ರೀ ಥ್ರೋ ಗೆರೆಯಲ್ಲಿ. ಹಾಗಾದರೆ ಅವರನ್ನು ಅಲ್ಲೇ ನಿಲ್ಲಿಸಿ. ಹೈ ಪೋಸ್ಟ್, ಗೆರೆಯ ಎರಡು ತುದಿಯಲ್ಲಿ ಯಾವುದಾದರೊಂದು. ಚೆಂಡು ಮೇಲಿನಿಂದ ತರುವ ಕೆಲಸ ಹುಡುಗರದು, ಭಾವ ಡ್ರಿಬಲ್ ಮಾಡಿ ಬೆವರುವುದು ಬೇಡ. ಪಾಸ್ ಅವರ ಕೈಗೆ ಬಂದ ತಕ್ಷಣ ಇಬ್ಬರು ಹುಡುಗರು ಬೋರ್ಡಿನ ಕಡೆಗೆ ಕಟ್ ಮಾಡಬೇಕು, ಅಂದರೆ ದಿಢೀರನೆ ನುಗ್ಗಬೇಕು, ಇಬ್ಬರು ಮೂಲೆಯಲ್ಲಿ ಕಾಯಬೇಕು. ಮೂಲೆಯಲ್ಲಿ ತ್ರೀ ಗೆರೆ 6.60 ಮೀಟರ್, ಮೇಲ್ಗಡೆಯ 6.75ಕ್ಕಿಂತ ಹತ್ತಿರ. ಡಿಫೆಂಡರ್ ಹಿಂದೆ ಸರಿದರೆ ಭಾವ 4.6 ಮೀಟರಿನಿಂದ ನೇರ ಶಾಟ್ ಹೊಡೆಯುತ್ತಾರೆ, ಫ್ರೀ ಥ್ರೋ ದೂರವೇ ಅದು. ಮುಂದೆ ಬಂದರೆ ಕಟ್ ಮಾಡಿದವನಿಗೆ ಪಾಸ್. ಎರಡು ಡ್ರಿಬಲ್‌ಗಿಂತ ಜಾಸ್ತಿ ಇಲ್ಲ ಅಂತ ಅವರೇ ಒಂದು ನಿಯಮ ಮಾಡಿಕೊಳ್ಳಲಿ. ಕಣ್ಣಿಗೂ ಅನುಭವಕ್ಕೂ ವಯಸ್ಸಾಗಿಲ್ಲವಲ್ಲ, ಕಟ್ ಮಾಡುವವನು ಯಾವಾಗ ಖಾಲಿ ಆಗುತ್ತಾನೆ ಅಂತ 22ರ ಹುಡುಗನಿಗಿಂತ ಅವರಿಗೆ ಮುಂಚೆ ಕಾಣುತ್ತದೆ.

ನಿಮಿಷವೂ ಹಂಚಿ. 40 ನಿಮಿಷದ ಪಂದ್ಯದಲ್ಲಿ 20ರಿಂದ 22 ಸಾಕು, ಒಂದು ಸಲಕ್ಕೆ ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ಎರಡನೇ ಮತ್ತು ನಾಲ್ಕನೇ ಕ್ವಾರ್ಟರ್ ಶುರುವಿನಲ್ಲಿ ಕೂರಲಿ, ಕೊನೆಯ ಐದು ನಿಮಿಷಕ್ಕೆ ಕಾಲು ಉಳಿದಿರಲಿ. ಜೊತೆಗೆ ಫಿಸಿಯೋ ಒಪ್ಪಿದ ಮೇಲೆ ಮೀನಖಂಡದ ವ್ಯಾಯಾಮ: ಮೆಟ್ಟಿಲ ಅಂಚಿನಲ್ಲಿ ನಿಂತು ಮೂರು ಎಣಿಸುತ್ತಾ ಏರುವುದು, ಮೂರು ಎಣಿಸುತ್ತಾ ಇಳಿಯುವುದು, ದಿನ ಬಿಟ್ಟು ದಿನ, ನಿಧಾನಕ್ಕೆ ಭಾರ ಹೆಚ್ಚಿಸುತ್ತಾ. ಮೂರು ತಿಂಗಳು ಬೇಕು. ಎರಡು ವಾರಕ್ಕೆ ನೋವು ಹೋಯಿತು ಅಂತ ಬಿಡುವವರೇ ಜಾಸ್ತಿ, ಅವರೇ ವಾಪಸ್ ಬರುವವರು.

ಈ ದಾರಿಯಲ್ಲೂ ತೊಂದರೆ ಇದೆ. ಶುರುವಿನಲ್ಲಿ ಭಾವನ ಪಾಯಿಂಟ್ ಇನ್ನೂ ಇಳಿಯುತ್ತದೆ, ಬಹುಶಃ 6, 7. ಹುಡುಗರು ಕಟ್ ಮಾಡುವುದನ್ನು ಮರೆಯುತ್ತಾರೆ, ಪಾಸ್‌ಗಳು ಕೈಯಿಂದ ಜಾರುತ್ತವೆ. ಒಂದೆರಡು ಪಂದ್ಯ ಸೋಲಲೂಬಹುದು. ಮಳೆಗಾಲದಲ್ಲಿ ಹೊರಗಿನ ಕೋರ್ಟ್‌ಗಳು ಬಂದ್ ಆಗುವಾಗ ಶುರು ಮಾಡಿದರೆ ಟೂರ್ನಮೆಂಟ್ ಬರುವಷ್ಟರಲ್ಲಿ ಪಳಗುತ್ತದೆ. ಯಾವುದಾದರೂ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಬಾಸ್ಕೆಟ್ ಇಲ್ಲದೆಯೂ ಕಟ್ ಮತ್ತು ಪಾಸ್ ಕಲಿಸಬಹುದು.

ಭಾವನಿಗೆ ಹೇಳುವುದು ಯಾರು ಅನ್ನುವುದು ಉಳಿಯಿತು. ಪಂದ್ಯ ಮುಗಿದ ಸಂಜೆ, ಹುಡುಗರ ಎದುರು ಬೇಡ. ಅಕ್ಕನ ಮೂಲಕವೂ ಬೇಡ, ಮನೆಗೆ ಆಟ ತಂದರೆ ಇಬ್ಬರಿಗೂ ಕಷ್ಟ. ಪುಸ್ತಕ ಅವರ ಕೈಗೆ ಕೊಟ್ಟು ‘ಭಾವ, ಇದನ್ನ ಸ್ವಲ್ಪ ನೋಡಿ, ನನಗೆ ಅರ್ಥ ಆಗ್ತಿಲ್ಲ’ ಅನ್ನಿ. ಆಡಿದವರಿಗೆ ಆ ಪುಟ ಓದಲು ಯಾರ ಸಹಾಯವೂ ಬೇಡ. ಲೆಬ್ರಾನ್ ಜೇಮ್ಸ್‌ದೂ ಒಂದು ವಿಡಿಯೋ ತೋರಿಸಿ. 2025ರ ಡಿಸೆಂಬರ್‌ನಲ್ಲಿ ಲೇಕರ್ಸ್‌ಗೆ ಆಡುವಾಗ ಟೊರಾಂಟೊ ವಿರುದ್ಧ ಅವರಿಗೆ 8 ಪಾಯಿಂಟ್ ಆಗಿತ್ತು, 17ಕ್ಕೆ 4 ಶಾಟ್, ನಿಮ್ಮ ಭಾವನದೇ ಲೆಕ್ಕ. ಸತತ 1,297 ಪಂದ್ಯಗಳಲ್ಲಿ ಎರಡಂಕಿ ಪಾಯಿಂಟ್ ಹೊಡೆದ ದಾಖಲೆ ಮುಂದುವರಿಯಲು ಒಂದೇ ಬಾಸ್ಕೆಟ್ ಬೇಕಿತ್ತು. ಕೊನೇ ಕ್ಷಣದಲ್ಲಿ ಚೆಂಡು ಅವರ ಕೈಯಲ್ಲಿತ್ತು. ಖಾಲಿ ನಿಂತಿದ್ದ ಜೊತೆ ಆಟಗಾರ ಹಾಚಿಮುರಾಗೆ ಪಾಸ್ ಕೊಟ್ಟರು, ಅವರು ಹಾಕಿದ ತ್ರೀಯಿಂದ ತಂಡ ಗೆದ್ದಿತು.

ನೀ ಕ್ಯಾಪ್ ಬಗ್ಗೆ: ಮಂಡಿಗೆ ಬೆಚ್ಚಗಿರುತ್ತದೆ, ಮನಸ್ಸಿಗೆ ಧೈರ್ಯ ಕೊಡುತ್ತದೆ, ಹಾಕಿಕೊಳ್ಳಲಿ. ಹಿಮ್ಮಡಿಗೆ ಅದರಿಂದ ಏನೂ ಇಲ್ಲ. ದುಡ್ಡು ಖರ್ಚು ಮಾಡುವುದಿದ್ದರೆ ಶೂಗೆ ಮಾಡಿ. ಹಿಮ್ಮಡಿ ಸವೆದ ಹಳೇ ಜೋಡಿ ಹಾಕಿಕೊಂಡು ಸಿಮೆಂಟ್ ಮೇಲೆ ಹಾರುತ್ತಿದ್ದರೆ ಅದನ್ನು ಮೊದಲು ಬದಲಾಯಿಸಿ. ಡಾಕ್ಟರು ನೋಡುವ ತನಕ ಶೂ ಒಳಗೆ ಹಿಮ್ಮಡಿಯ ಕೆಳಗೆ ಒಂದು ತೆಳು ಪ್ಯಾಡ್ ಇಟ್ಟರೆ ನಾರಿನ ಮೇಲಿನ ಎಳೆತ ಸ್ವಲ್ಪ ತಗ್ಗುತ್ತದೆ. ಎರಡೂ ಕಾಲಿಗೆ ಇಡಬೇಕು, ಒಂದಕ್ಕೆ ಮಾತ್ರ ಇಟ್ಟರೆ ಸೊಂಟ ಹಿಡಿದುಕೊಳ್ಳುತ್ತದೆ.